ಟೊಮೆಟೊ ಕ್ರೇಟಿನ ಟೈಮ್ ಮಷೀನು

ಶ್ರಾವಣ ಹುಟ್ಟಿ ಒಂದು ವಾರವಾಗಿತ್ತು. ಶುಕ್ರವಾರ, ಸಂಜೆ ಆರೂವರೆ.

"ಅವ್ವ, ಬಿರ್ನೆ ಬಾ! ಬಿಸ್ಲು ಓಯ್ತದೆ!" ಭವ್ಯ ಕೂಗಿದಳು.

ಗುಂಡ್ಲುಪೇಟೆ ಪಕ್ಕದ ಊರು ಅದು. ಭವ್ಯಳ ಮನೆ ಮುಂದೆ ಟೈಮ್ ಮಷೀನು ರೆಡಿಯಾಗಿತ್ತು. ಎರಡು ಟೊಮೆಟೊ ಕ್ರೇಟು, ಒಂದು ಸೈಕಲ್ ಚಕ್ರ, ಮೇಲೊಂದು ಹಳೇ ಛತ್ರಿ.

ಲೈಬ್ರರಿ ಪುಸ್ತಕದ ಕತೆಯೊಂದನ್ನು ಆರನೇ ಕ್ಲಾಸಿನವರು ಫಿಲಮ್ ಮಾಡುತ್ತಿದ್ದರು. ಕ್ಯಾಮೆರಾ ಅಂದರೆ ನೀಲಕಂಠಸ್ವಾಮಿ ಮೇಷ್ಟ್ರ ಮೊಬೈಲು. ಅವರಿಗೆ ಟ್ರಾನ್ಸ್‌ಫರ್ ಆಗಿತ್ತು. ನಾಳೆ ಬೆಳಿಗ್ಗೆ ಹೊರಡುವವರು. ಉಳಿದದ್ದು ಒಂದೇ ಸೀನು, ಕೊನೇದು. ಅದರಲ್ಲಿ ಭವ್ಯಳ ಅವ್ವ ಚಿಕ್ಕಮಲ್ಲಮ್ಮನೇ ಆ್ಯಕ್ಟಿಂಗ್ ಮಾಡಬೇಕಿತ್ತು.

ಅವ್ವ ಆಗತಾನೇ ಹೂವಿನ ಹೊಲದಿಂದ ಬಂದಿದ್ದಳು. ಬೆಳಿಗ್ಗೆ ಆರಕ್ಕೆ ಬಗ್ಗಿದ ಸೊಂಟ. ಚೆಂಡು ಹೂ ಕಿತ್ತು ಕಿತ್ತು ಬೆರಳೆಲ್ಲ ಕಪ್ಪಾಗಿದ್ದವು.

"ಡೈಲಾಗು ಗ್ಯಾಪಕ ಅದಾ?" ಭವ್ಯ ಕೇಳಿದಳು.

"ಅದೆ ಬುಡು. 'ನಾ ಇಸ್ಕೂಲಿಗೆ ಓಗ್ತಿದ್ದ ಕಾಲಕ್ಕೆ' ಅನ್ಬೇಕು. ಅಷ್ಟೇ ಅಲ್ವ?"

"ಖುಷಿಯಾಗಿ ಹೇಳ್ಬೇಕು ಅತ್ತೆ! ಎಕ್ಸ್‌ಪ್ರೆಶನ್ನು!" ಅಂದಳು ಗೆಳತಿ ಅನು.

"ಖುಷಿನ ಹೊಲದಲ್ಲೇ ಬುಟ್ ಬಂದೆ ಕಣಮ್ಮಿ."

ಎಲ್ಲರೂ ನಕ್ಕರು. ಅವ್ವ ಕ್ರೇಟಿನ ಮೇಲೆ ಕೂತು ಗೋಡೆಗೆ ಒರಗಿದಳು.

"ಆ್ಯಕ್ಷನ್!" ಅಂದರು ಮೇಷ್ಟ್ರು.

ಅನು ಚಕ್ರ ತಿರುಗಿಸಿ "ಡುರ್‌ರ್‌ರ್" ಅಂದಳು.

"ಅವ್ವ, ಯಾವ ಕಾಲಕ್ಕೆ ಹೋಗನ?" ಭವ್ಯ ಕೇಳಿದಳು.

ಅವ್ವನ ಕಣ್ಣು ಮುಚ್ಚುತ್ತಿತ್ತು. "ಎಲ್ಲಿಗೂ ಬ್ಯಾಡ ಕಣಮ್ಮಿ. ಇಲ್ಲೇ ಒಸಿ ಕುಂತಿರ್ತೀನಿ."

"ಕಟ್! ಡೈಲಾಗು ತಪ್ಪು!" ಅನು ಕಿಸಕ್ಕೆಂದಳು.

ಅಷ್ಟರಲ್ಲಿ ಅವ್ವನ ತಲೆ ವಾಲಿತ್ತು. ಎಬ್ಬಿಸಲು ಭವ್ಯ ಭುಜಕ್ಕೆ ಕೈ ಚಾಚಿದಳು. ಹತ್ತಿರದಿಂದ ನೋಡಿದಳು. ಬಾಯಿ ಸ್ವಲ್ಪ ತೆರೆದಿತ್ತು. ಒಂದು ಕಾಲು ಚಪ್ಪಲಿಯಿಂದ ಅರ್ಧ ಆಚೆ ಬಂದು ಹಾಗೇ ನಿಂತಿತ್ತು.

ಭವ್ಯ ಕೈ ಹಿಂದಕ್ಕೆ ತೆಗೆದುಕೊಂಡಳು.

"ಎಬ್ಬಿಸೇ! ಐದ್ ನಿಮ್ಷ ಅಷ್ಟೇ ಬಿಸ್ಲು. ಫಿಲಮ್ಮಿಗೆ ಎಂಡಿಂಗೇ ಇರಲ್ಲ!" ಅನು ಪಿಸುಗುಟ್ಟಿದಳು.

ಮೇಷ್ಟ್ರು ಭವ್ಯಳನ್ನೇ ನೋಡಿದರು.

"ಬ್ಯಾಡ ಸಾರ್," ಅಂದಳು ಭವ್ಯ. "ಪ್ಯಾಕಪ್."

ಅವ್ವನಿಗೆ ಎಚ್ಚರವಾದಾಗ ಒಳಗೆ ಅನ್ನ ಕುದಿಯುತ್ತಿತ್ತು.

"ಅಯ್ಯೋ, ಎಷ್ಟೊತ್ತು ಮಲಗ್ಬುಟ್ಟೆ?"

"ಐದೇ ನಿಮ್ಷ ಕಣವ್ವ."

"ಮತ್ತೆ ಕತ್ಲಾಗದೆ?"

"ಮೋಡ."

"ಸೀನು?"

"ಚೆಂದಾಗಿ ಬಂತು. ಏಳು, ಉಣ್ಣನ."

ಶನಿವಾರ ಬೆಳಿಗ್ಗೆ ಮೊದಲನೇ ಬಸ್ಸಿಗೆ ಮೇಷ್ಟ್ರು ಹೊರಟುಹೋದರು.