ಡ್ಯೂಕ್ ಥಂಡರ್‌ನ ತೋಳು

"ಎಲ್ಲಾನೂ ತೋಳಿಗೆ ಹಾಕು," ಎಂದ ರಸೆಲ್, ಬಾಯಿ ತುಂಬ ಕಾರ್ನ್‌ಫ್ಲೇಕ್ಸ್ ಇಟ್ಟುಕೊಂಡೇ. "ಇದ್ರಲ್ಲಿ ಯೋಚ್ನೆ ಮಾಡೋಕೇನಿದೆ?"

ಮಾರ್ನಿ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಉಗುರು ಕಚ್ಚುತ್ತಿದ್ದಳು. ಪರದೆಯ ಮೇಲೆ ಹೆಲ್ಮೆಟ್ ಹಾಕಿಕೊಂಡ ಆಟಗಾರನೊಬ್ಬ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಅವನಿಗೆ ಡ್ಯೂಕ್ ಥಂಡರ್ ಎಂದು ಆಗಲೇ ಹೆಸರಿಟ್ಟಾಗಿತ್ತು. ಯಾವ ಗುಣ ಎಷ್ಟಿರಬೇಕು ಎನ್ನುವುದಷ್ಟೇ ಬಾಕಿ. ತೋಳಿನ ಬಲ, ಗುರಿ, ಓಟ, ಬುದ್ಧಿ, ಹದ. ಹಂಚುವುದಕ್ಕೆ ಇರುವ ಅಂಕಗಳು ಇಷ್ಟೇ ಎಂದು ಲೆಕ್ಕ. ಒಂದಕ್ಕೆ ಜಾಸ್ತಿ ಸುರಿದರೆ ಇನ್ನೊಂದಕ್ಕೆ ಕೈ ಬಿಗಿ ಹಿಡಿಯಬೇಕು.

"ಹದಕ್ಕೆ ಸ್ವಲ್ಪನಾದ್ರೂ ಬೇಡ್ವಾ?" ಎಂದು ಕೇಳಿದಳು.

"ಹದ ಯಾಕೆ? ಡ್ಯೂಕ್ ಏನು ಸೂಪ್ ಮಾಡೋಕೆ ಹೋಗ್ತಿದಾನಾ?"

ರಸೆಲ್ ಮಾರ್ನಿಯ ಅಣ್ಣ. ಹೈಸ್ಕೂಲ್ ತಂಡದಲ್ಲಿದ್ದಾನೆ. ಇದ್ದಾನೆ ಎಂದರೆ, ಪಂದ್ಯ ಮುಗಿಯುವವರೆಗೂ ಬೆಂಚಿನ ಮೇಲೆ ಇದ್ದಾನೆ. ಆದರೆ ಮನೆಯಲ್ಲಿ ಫುಟ್‌ಬಾಲ್ ವಿಷಯಕ್ಕೆ ಅವನದೇ ಕೊನೆಯ ಮಾತು. ಮಾರ್ನಿ ಹದದ ಅಂಕಗಳನ್ನೆಲ್ಲ ಕಿತ್ತು ತೋಳಿಗೆ ಹಾಕಿ, ಗುಂಡಿ ಒತ್ತಿಬಿಟ್ಟಳು.

ಇಲ್ಲಿಯ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಹಾಗಾದರೆ ಈ ಹೆಸರು ಯಾಕೆ ಎಂದು ನಮ್ಮೂರಿನಲ್ಲಿ ಕೇಳಿ ನೋಡಿ, ಉತ್ತರ ಹೇಳುವ ಬದಲು ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಎರಡು ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು, ಯಾರಿಗೆ ಎಸೆಯಬೇಕೆಂದು ತೀರ್ಮಾನಿಸುವವನು ಕ್ವಾರ್ಟರ್‌ಬ್ಯಾಕ್. ಮುಂದೆ ಓಡಿಹೋಗಿ ಅದನ್ನು ಹಿಡಿಯುವವನು ರಿಸೀವರ್. ಮಿಕ್ಕವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ.

ಮಾರ್ನಿಯ ಐದನೇ ಕ್ಲಾಸಿನವರು ಸೇರಿ ಆನ್‌ಲೈನ್ ಲೀಗಿನಲ್ಲಿ ಒಂದು ತಂಡ ಕಟ್ಟಿದ್ದರು. ತಂಡದ ಹೆಸರು ಹೇಸರಗತ್ತೆಗಳು. ಒಬ್ಬೊಬ್ಬರೂ ಒಬ್ಬೊಬ್ಬ ಆಟಗಾರನನ್ನು ಮಾಡಬೇಕು. ಮಾರ್ನಿಯ ಡ್ಯೂಕ್ ಕ್ವಾರ್ಟರ್‌ಬ್ಯಾಕ್. ಯಾರು ಯಾವ ಗುಣಕ್ಕೆ ಎಷ್ಟು ಹಾಕಿದ್ದಾರೆ ಎಂದು ಇನ್ನೊಬ್ಬರಿಗೆ ಕಾಣುವುದಿಲ್ಲ. ಶುಕ್ರವಾರ ಸಂಜೆ ಕಂಪ್ಯೂಟರೇ ಪಂದ್ಯ ಆಡಿಸುತ್ತದೆ. ಮಕ್ಕಳು ಮುಟ್ಟುವ ಹಾಗಿಲ್ಲ. ಪರದೆಯ ಮೇಲೆ ಒಂದೊಂದೇ ಸಾಲು ಮೂಡುವುದನ್ನು ಓದುತ್ತ ಕುಣಿಯಬೇಕು, ಇಲ್ಲವೇ ತಲೆ ಚಚ್ಚಿಕೊಳ್ಳಬೇಕು.

ಮಾರ್ನಿ ಮೊದಲ ವಾರವೇ ಕುಣಿದಳು. ಡ್ಯೂಕ್‌ನ ಎಸೆತ ಮೈದಾನದ ಆ ತುದಿಗೆ ಹೋಗುತ್ತಿತ್ತು. ಮೂರನೇ ವಾರಕ್ಕೆ ಅವನ ಹೆಸರಿನ ಪಕ್ಕದಲ್ಲಿ ಪುಟ್ಟದೊಂದು ಚಿನ್ನದ ಫಿರಂಗಿ ಬಂದು ಕೂತಿತು. ಇಡೀ ಲೀಗಿನಲ್ಲಿ ಅತಿ ಜೋರಾಗಿ ಎಸೆಯುವವನಿಗೆ ಮಾತ್ರ ಸಿಗುವ ಗುರುತು ಅದು. ತಂಡದ ಕ್ಯಾಪ್ಟನ್ ಬ್ರೋಡಿ, ಯಾರನ್ನೂ ಹೊಗಳದ ಬ್ರೋಡಿ, ಶಾಲೆಯ ಊಟದ ಕೋಣೆಯಲ್ಲಿ ಅವಳಿಗೆ ತನ್ನ ಚಾಕೊಲೇಟ್ ಹಾಲು ಕೊಟ್ಟ. ಮಾರ್ನಿ ಆ ಫಿರಂಗಿಯನ್ನು ದಿನಕ್ಕೆ ಎಷ್ಟು ಸಲ ತೆರೆದು ನೋಡುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

ತೊಂದರೆಯಿದ್ದದ್ದು ಎಮೆಟ್‌ಗೆ.

ಎಮೆಟ್ ಪ್ರೈಸ್ ಮಾರ್ನಿಯ ಎದುರುಮನೆಯವನು. ದಪ್ಪ ಕನ್ನಡಕ, ಸಣಕಲು ಕಾಲು. ನಿಜವಾದ ಚೆಂಡು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ಅದಕ್ಕೇ ಈ ಆಟ ಬಂದಾಗ ಎಲ್ಲರಿಗಿಂತ ಖುಷಿಯಾದದ್ದು ಅವನಿಗೆ. ರಿಸೀವರ್ ಆಗುತ್ತೇನೆಂದು ಮೊದಲು ಕೈ ಎತ್ತಿದ್ದ. ಬೇರೆ ಹೆಸರು ಹೊಳೆಯದೆ ಆಟಗಾರನಿಗೆ ತನ್ನ ಹೆಸರನ್ನೇ ಇಟ್ಟಿದ್ದ.

ಈಗ ಪ್ರತಿ ಶುಕ್ರವಾರ ಪರದೆಯ ಮೇಲೆ ಒಂದೇ ಮಾತು ಬರುತ್ತಿತ್ತು. ಡ್ಯೂಕ್ ಥಂಡರ್‌ನಿಂದ ಗುಂಡಿನಂಥ ಪಾಸ್! ಎಮೆಟ್ ಪ್ರೈಸ್‌ನ ಕೈಗೆ ತಗುಲಿ ನೆಲಕ್ಕೆ.

ಸಾಲಿನ ಮೊದಲರ್ಧ ಓದಿ ಮಾರ್ನಿ ಚಪ್ಪಾಳೆ ತಟ್ಟುತ್ತಿದ್ದಳು. ಉಳಿದರ್ಧ ಎಮೆಟ್‌ನ ಪಾಲಿಗೆ ಬರುತ್ತಿತ್ತು. ಅಕ್ಟೋಬರ್ ಮುಗಿಯುವಷ್ಟರಲ್ಲಿ ಕ್ಲಾಸಿನವರು ಅವನಿಗೆ ಜಾರುಬಂಡೆ ಎಂದು ಹೆಸರಿಟ್ಟಿದ್ದರು. ಅವನು ಪೆನ್ಸಿಲ್ ಬೀಳಿಸಿದರೂ ಹಿಂದಿನ ಬೆಂಚಿನಿಂದ ಜಾರುಬಂಡೆ ಎಂಬ ಕೂಗು. ಮಾರ್ನಿ ಕೂಗಲಿಲ್ಲ. ನಕ್ಕಿದ್ದಳು, ಅದು ನಿಜ.

ಒಂದು ದಿನ ಸ್ಕೂಲ್ ಬಸ್ಸಿನಲ್ಲಿ ಎಮೆಟ್ ಅವಳ ಪಕ್ಕ ಬಂದು ಕೂತ.

"ನಾನು ಅಂಕ ಎಲ್ಲಾ ಹಿಡಿಯೋ ಕೈಗೇ ಹಾಕಿದೀನಿ ಕಣೇ," ಎಂದ. "ಓಟಕ್ಕೂ ಹಾಕಿಲ್ಲ. ಯಾಕೆ ಬೀಳುತ್ತೋ ಗೊತ್ತಾಗ್ತಿಲ್ಲ."

ಬ್ರೋಡಿಗೂ ಅವನು ಇದನ್ನೇ ಹೇಳಿದ್ದನಂತೆ, ಬ್ರೋಡಿ ನಂಬಿರಲಿಲ್ಲ. ಮಾರ್ನಿಗೂ ಅನುಮಾನವೇ. ಎಸೆಯುವುದು ನನ್ನ ಕೆಲಸ, ಹಿಡಿಯುವುದು ನಿನ್ನ ಕೆಲಸ, ನಾನೇನು ಮಾಡಲಿ ಎಂದುಬಿಟ್ಟಳು. ಎಮೆಟ್ ಕಿಟಕಿಯ ಕಡೆ ತಿರುಗಿದ. ಮಾರನೆಯ ದಿನದಿಂದ ಬಸ್ಸಿನಲ್ಲಿ ಡ್ರೈವರ್‌ನ ಹಿಂದಿನ ಸೀಟಿನಲ್ಲಿ ಒಬ್ಬನೇ ಕೂರತೊಡಗಿದ.

ನವೆಂಬರಿನಲ್ಲಿ ಹೇಸರಗತ್ತೆಗಳು ಹೇಗೋ ಕಷ್ಟಪಟ್ಟು ಪ್ಲೇಆಫ್, ಅಂದರೆ ಸೋತವರು ಮನೆಗೆ ಹೋಗುವ ಕೊನೆಯ ಸುತ್ತು, ಮುಟ್ಟಿದವು. ಪ್ಲೇಆಫಿಗೆ ಮುಂಚೆ ಎಲ್ಲರಿಗೂ ಒಂದೇ ಒಂದು ಅವಕಾಶ. ಬೇಕಾದರೆ ಆಟಗಾರನ ಗುಣಗಳನ್ನು ಹೊಸದಾಗಿ ಹಂಚಬಹುದು, ಬೇಕಾದರೆ ಆಟಗಾರನನ್ನೇ ತೆಗೆದು ಬೇರೆಯವರನ್ನು ಸೇರಿಸಿಕೊಳ್ಳಬಹುದು. ಭಾನುವಾರ ಸಂಜೆಯೊಳಗೆ ಆಗಬೇಕು. ಎಮೆಟ್‌ನನ್ನು ತೆಗೆಯೋಣ, ಪಿಟ್ಸ್‌ಬರ್ಗಿನಲ್ಲಿರುವ ನನ್ನ ಕಸಿನ್ ಬರುತ್ತಾನೆ ಎಂದು ಬ್ರೋಡಿ ತಂಡದ ಚಾಟಿನಲ್ಲಿ ಬರೆದ. ಭಾನುವಾರ ಮಧ್ಯಾಹ್ನ ಓಟು. ಆಗಲೇ ಏಳು ಜನ ಹೆಬ್ಬೆಟ್ಟು ಎತ್ತಿದ್ದರು.

ಮಾರ್ನಿ ಚಾಟ್ ಮುಚ್ಚಿ, ಮತ್ತೊಂದು ಸಲ ಫಿರಂಗಿಯನ್ನು ತೆರೆದು ನೋಡಿದಳು.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಗುರುವಾರ ಮಾರ್ನಿಯ ಹುಡಾಕ್ ಮನೆತನದವರೆಲ್ಲ ಅಜ್ಜಿಯ ಮನೆಯಲ್ಲಿ ಸೇರುತ್ತಾರೆ. ಒಲೆಯಲ್ಲಿ ಟರ್ಕಿ ಕೋಳಿ ಬೇಯುವವರೆಗೆ, ಅಜ್ಜಿ ಕಡುಬಿನಂಥ ಪಿರೋಗಿ ಮಡಚುವವರೆಗೆ, ಅಡುಗೆಮನೆಯಲ್ಲಿ ಕಾಲಿಗೆ ಸಿಕ್ಕವರನ್ನೆಲ್ಲ ಹಿತ್ತಲಿಗೆ ಅಟ್ಟುತ್ತಾರೆ. ಹಿತ್ತಲಿನಲ್ಲಿ ಫುಟ್‌ಬಾಲ್. ದೊಡ್ಡವರು, ಚಿಕ್ಕವರು, ಕೋಟು ಹಾಕಿದವರು, ಹಾಕದವರು ಎಲ್ಲರೂ ಆಡಲೇಬೇಕು.

ಆ ದಿನ ಚಳಿಗೆ ನೆಲ ಕಲ್ಲಾಗಿತ್ತು. ಮಾರ್ನಿಯ ತಂಡದ ಕ್ವಾರ್ಟರ್‌ಬ್ಯಾಕ್ ಡಾನಿ ಚಿಕ್ಕಪ್ಪ. ಅವನು ಒಂದು ಕಾಲದಲ್ಲಿ ಹೈಸ್ಕೂಲ್ ತಂಡಕ್ಕೆ ಎಸೆಯುತ್ತಿದ್ದವನು. ಹೊಟ್ಟೆ ಬಂದಿದೆ, ತೋಳು ಮಾತ್ರ ಹಾಗೇ ಇದೆ. ಅದನ್ನು ಎಲ್ಲರಿಗೂ ತೋರಿಸುವುದಕ್ಕೆ ಅವನಿಗೆ ವರ್ಷಕ್ಕೆ ಸಿಗುವುದು ಇದೊಂದೇ ದಿನ.

ಮಾರ್ನಿ ನಾಲ್ಕು ಹೆಜ್ಜೆ ಓಡಿ ತಿರುಗಿದಳು. ಚಿಕ್ಕಪ್ಪ ಎಸೆದದ್ದೂ ಕಾಣಲಿಲ್ಲ, ಚೆಂಡು ಬಂದದ್ದೂ ಕಾಣಲಿಲ್ಲ. ಅಂಗೈಗೆ ಫಟ್ ಎಂದು ಬಡಿಯಿತು. ಬೆರಳುಗಳೆಲ್ಲ ಜುಂ ಎಂದವು. ಚೆಂಡು ಎಗರಿ ಅಜ್ಜಿಯ ಗುಲಾಬಿ ಗಿಡದ ಬುಡಕ್ಕೆ ಬಿತ್ತು.

"ಹಿಡೀ ಪುಟ್ಟಿ! ನೇರ ಕೈಗೇ ಬಂದಿತ್ತಲ್ಲ!" ಎಂದ ಚಿಕ್ಕಪ್ಪ.

ಇನ್ನೊಂದು ಸಲವೂ ಹಾಗೇ ಆಯಿತು. ಮತ್ತೊಂದು ಸಲವೂ. ರಸೆಲ್ ಹುಲ್ಲಿನ ಮೇಲೆ ಬಿದ್ದು ಬಿದ್ದು ನಕ್ಕ. ಕಸಿನ್‌ಗಳು ಅವಳಿಗೆ ಕೈಗವಸು ಬೇಕೋ, ಬಕೆಟ್ ಬೇಕೋ ಎಂದು ವಿಚಾರಿಸಿದರು. ಮಾರ್ನಿಗೆ ಅಳು ಬರುವ ಹಾಗಾಯಿತು. ಅಳು ಬಂದದ್ದು ನೋವಿಗಿಂತ ಹೆಚ್ಚಾಗಿ ಅನ್ಯಾಯಕ್ಕೆ.

"ಇಷ್ಟು ಹತ್ರದಿಂದ ಅಷ್ಟು ಜೋರಾಗಿ ಎಸೆದ್ರೆ ಯಾರು ಹಿಡೀತಾರೆ ಚಿಕ್ಕಪ್ಪ?"

"ಎಸೆಯೋದು ನನ್ನ ಕೆಲಸ. ಹಿಡಿಯೋದು ನಿನ್ನ ಕೆಲಸ," ಎಂದು ಚಿಕ್ಕಪ್ಪ ನಗುತ್ತ ಕೈ ಚಾಚಿದ. "ತಾ ಇಲ್ಲಿ ಚೆಂಡು."

ಮಾರ್ನಿ ಚೆಂಡು ಕೊಡಲಿಲ್ಲ. ಗುಲಾಬಿ ಗಿಡದ ಹತ್ತಿರ ಅದನ್ನು ಅಪ್ಪಿಕೊಂಡು ನಿಂತೇಬಿಟ್ಟಳು. ಕೆಂಪಾದ ಅಂಗೈ ನೋಡಿಕೊಂಡಳು.

ಊಟವಾದ ಮೇಲೆ, ದೊಡ್ಡವರೆಲ್ಲ ಸೋಫಾದಲ್ಲಿ ತೂಕಡಿಸುವಾಗ, ಅವಳು ಹಳೆಯ ಪಂದ್ಯಗಳನ್ನು ತೆರೆದಳು. ಈ ಸಲ ಸಾಲುಗಳನ್ನು ಪೂರ್ತಿ ಓದಿದಳು. ಡ್ಯೂಕ್ ದೂರಕ್ಕೆ ಎಸೆದಾಗ ಎಮೆಟ್ ಹಿಡಿದಿದ್ದ. ಹೆಚ್ಚುಕಡಿಮೆ ಪ್ರತಿ ಸಲವೂ ಹಿಡಿದಿದ್ದ. ಬಿದ್ದದ್ದೆಲ್ಲ ಹತ್ತಿರದ ಎಸೆತಗಳು. ಎಲ್ಲದರ ಮುಂದೆಯೂ ಗುಂಡಿನಂಥ ಪಾಸ್ ಎಂದಿತ್ತು. ಇನ್ನೊಬ್ಬ ರಿಸೀವರನೂ ಅವನಷ್ಟೇ ಬೀಳಿಸಿದ್ದ. ಅವನು ಬ್ರೋಡಿ. ಕ್ಯಾಪ್ಟನ್ನನ್ನು ಜಾರುಬಂಡೆ ಎನ್ನಲು ಯಾರಿಗೂ ಧೈರ್ಯವಿರಲಿಲ್ಲ ಅಷ್ಟೆ.

ಹತ್ತಿರದವರಿಗೆ ಮೆಲ್ಲಗೆ ಎಸೆಯುವ ಗುಣವೇ ಹದ, ಡ್ಯೂಕ್‌ನ ಹದದ ಜಾಗದಲ್ಲಿ ದೊಡ್ಡ ಸೊನ್ನೆ ಕೂತಿತ್ತು. ಅದಕ್ಕೆ ಅಂಕ ಕೊಡಬೇಕೆಂದರೆ ತೋಳಿನಿಂದ ಕೀಳಬೇಕು. ತೋಳಿನಿಂದ ಕಿತ್ತರೆ ಫಿರಂಗಿ ಹೋಗುತ್ತದೆ.

ಫಿರಂಗಿ ಹೋಗದ ಉಪಾಯವೊಂದು ಅವಳಿಗೆ ಹೊಳೆಯಿತು. ಚಾಟಿನಲ್ಲಿ ಬರೆದಳು: ಪಾಪ, ಎಮೆಟ್ ಇರಲಿ ಬಿಡಿ.

ಕೂಡಲೇ ಉತ್ತರ ಬಂತು. ಬ್ರೋಡಿಯದ್ದಲ್ಲ, ಎಮೆಟ್‌ನದ್ದು. ನನಗೆ ಪಾಪ ಬೇಡ, ಎಂದಷ್ಟೇ ಇತ್ತು.

ಮಾರ್ನಿ ಲ್ಯಾಪ್‌ಟಾಪ್ ಮುಚ್ಚಿದಳು. ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು. ಶುಕ್ರವಾರ ಪೂರ್ತಿ, ಶನಿವಾರ ಪೂರ್ತಿ ಅದನ್ನು ತೆರೆಯಲಿಲ್ಲ. ಫಿರಂಗಿಯನ್ನೂ ನೋಡಲಿಲ್ಲ. ಕಳೆದುಕೊಂಡರೆ ಮತ್ತೆ ಸಿಗುವಂಥದ್ದಲ್ಲ ಅದು. ಎಮೆಟ್ ಮಾತ್ರ ಎದುರುಮನೆಯಲ್ಲೇ ಇದ್ದ, ಅಂಗಳದ ಎಲೆ ಗುಡಿಸುತ್ತಿದ್ದ, ಈ ಕಡೆ ತಲೆಯೆತ್ತಿ ನೋಡುತ್ತಿರಲಿಲ್ಲ.

ಭಾನುವಾರ ಊಟವಾದ ಮೇಲೆ ಅವಳು ಕೂತು ಬರೆದಳು. ಬರೆಯುವಾಗ ಕಿವಿ ಬಿಸಿಯಾಯಿತು. "ಎಮೆಟ್ ಬೀಳಿಸ್ತಿಲ್ಲ. ನಾನು ಹದಕ್ಕೆ ಸೊನ್ನೆ ಹಾಕಿದೀನಿ. ಹತ್ತಿರದಿಂದ ಡ್ಯೂಕ್ ಎಸೆದ್ರೆ ಯಾರಿಗೂ ಹಿಡಿಯೋಕಾಗಲ್ಲ. ಬ್ರೋಡಿನೂ ಅಷ್ಟೇ ಸಲ ಬೀಳಿಸಿದಾನೆ, ಬೇಕಾದ್ರೆ ಎಣಿಸಿ. ನಾನು ಬದಲಾಯಿಸ್ತಿದೀನಿ."

ಸ್ವಲ್ಪ ಹೊತ್ತು ಎಲ್ಲರೂ ಎಣಿಸುತ್ತಿದ್ದರು ಎಂದು ಕಾಣುತ್ತದೆ. ಆಮೇಲೆ ಬ್ರೋಡಿ ಬರೆದ. ಬದಲಾಯಿಸಿದರೆ ಫಿರಂಗಿ ಹೋಗುತ್ತದೆ, ನಮ್ಮ ತಂಡಕ್ಕೆ ಇರುವುದು ಅದೊಂದೇ, ನಿನಗೆ ತಲೆ ಕೆಟ್ಟಿದೆಯಾ ಎಂದು ಉದ್ದಕ್ಕೆ ಬರೆದ. ಅವಳು ಅದನ್ನು ಕೊನೆಯವರೆಗೂ ಓದಿದಳು. ಮತ್ತೆ ಡ್ಯೂಕ್‌ನ ಪುಟಕ್ಕೆ ಹೋಗಿ ತೋಳಿನಿಂದ ಕಿತ್ತು ಹದಕ್ಕೆ ಹಾಕಿದಳು. ಗುಂಡಿ ಒತ್ತಿದ ತಕ್ಷಣ ಹೆಸರಿನ ಪಕ್ಕ ಖಾಲಿಯಾಯಿತು. ಡ್ಯೂಕ್ ಈಗ ಎಲ್ಲರಂಥ ಒಬ್ಬ ಕ್ವಾರ್ಟರ್‌ಬ್ಯಾಕ್.

ಏಳು ಹೆಬ್ಬೆಟ್ಟುಗಳು ಒಂದೊಂದಾಗಿ ಮಾಯವಾದವು.

ಮುಂದಿನ ಶುಕ್ರವಾರದ ಪ್ಲೇಆಫಿನಲ್ಲಿ ಹೇಸರಗತ್ತೆಗಳು ಸೋತವು. ಕೊನೆಯ ಗಳಿಗೆಯಲ್ಲಿ ಎದುರು ತಂಡದವನು ಒದ್ದ ಚೆಂಡು ಗೋಲಿನ ಕಂಬಗಳ ನಡುವೆ ಹೋಯಿತು, ಅಲ್ಲಿಗೆ ಮುಗಿಯಿತು. ಆದರೆ ಅಷ್ಟರಲ್ಲಿ ಎಮೆಟ್ ಪ್ರೈಸ್ ಎಡಕ್ಕೆ ಓಡಿ ಹಿಡಿದಿದ್ದ, ಬಲಕ್ಕೆ ಓಡಿ ಹಿಡಿದಿದ್ದ, ಇಬ್ಬರು ಮೈಮೇಲೆ ಬಿದ್ದಾಗಲೂ ಹಿಡಿದಿದ್ದ. ಒಂದನ್ನೂ ಬಿಟ್ಟಿರಲಿಲ್ಲ.

ಸೋಮವಾರ ಶಾಲೆಯಲ್ಲಿ ಅದೇ ಮಾತು. ಎಂಥಾ ಕೈ ಮಾರಾಯ ನಿಂದು, ಎಂದು ಹುಡುಗರು ಎಮೆಟ್‌ನ ಬೆನ್ನು ತಟ್ಟಿದರು. ಬ್ರೋಡಿ ಚಾಕೊಲೇಟ್ ಹಾಲನ್ನು ಅವನ ಕಡೆ ತಳ್ಳಿದ. ಎಸೆದವಳ ವಿಷಯ ಯಾರೂ ಎತ್ತಲಿಲ್ಲ. ಒಬ್ಬರಾದರೂ ಎತ್ತಬಹುದೇನೋ ಎಂದು ಮಾರ್ನಿ ಸ್ಯಾಂಡ್‌ವಿಚ್ ನಿಧಾನವಾಗಿ ತಿಂದಳು. ಸ್ಯಾಂಡ್‌ವಿಚ್ ಮುಗಿದರೂ ಯಾರೂ ಎತ್ತಲಿಲ್ಲ. ಅವಳಿಗೆ ಸ್ವಲ್ಪ ಹೊಟ್ಟೆ ಉರಿಯಿತು. ಎಮೆಟ್ ಕನ್ನಡಕ ಮೇಲೇರಿಸಿಕೊಂಡು ಕಿವಿಯವರೆಗೂ ನಗುತ್ತಿದ್ದುದನ್ನು ನೋಡಿ, ಆ ಉರಿ ಅರ್ಧ ಇಳಿಯಿತು.

ಆಟದ ಬಿಡುವಿನಲ್ಲಿ ಅವಳು ಬೇಲಿಗೆ ಒರಗಿ ನಿಂತಿದ್ದಳು. ಎಮೆಟ್ ಬಂದ. ಕೈಯಲ್ಲಿ ಶಾಲೆಯ ಹಳೆಯ ಫುಟ್‌ಬಾಲ್ ಇತ್ತು. ಅದನ್ನು ಅವನು ಕೈಯಾರೆ ಎತ್ತಿಕೊಂಡದ್ದನ್ನು ಅವಳು ಯಾವತ್ತೂ ಕಂಡಿರಲಿಲ್ಲ.

"ಎಸೀತೀಯಾ?" ಎಂದು ಕೇಳಿದ.

ಅವನು ಓಡಿ ಹೋಗಿ ದೂರ ನಿಂತು, ಎರಡು ಕೈಯನ್ನೂ ಮುಂದೆ ಚಾಚಿದ. ಮಾರ್ನಿ ಅವನ ಕೈ ನೋಡಿದಳು, ಕನ್ನಡಕ ನೋಡಿದಳು. ಮೆಲ್ಲಗೆ, ಎತ್ತರಕ್ಕೆ, ಅವನ ಎದೆಗೆ ಬಂದು ಕೂರುವ ಹಾಗೆ ಎಸೆದಳು. ಚೆಂಡು ನಿಧಾನವಾಗಿ ಹೋಗಿ ನೇರ ಅವನ ಕೈಗೆ ಬಿತ್ತು, ಅಲ್ಲಿಂದ ಹೊಟ್ಟೆಗೆ, ಅಲ್ಲಿಂದ ನೆಲಕ್ಕೆ.

ಎಮೆಟ್ ಕಣ್ಣು ಬಿಟ್ಟ. ಕಾಲ ಬಳಿ ಬಿದ್ದಿದ್ದ ಚೆಂಡನ್ನು ನೋಡಿ ಕಿಸಕ್ಕನೆ ನಕ್ಕ.

"ಈ ಸಲ ತಪ್ಪು ನಂದೇ ಕಣೇ," ಎಂದ.

ಅವನು ಚೆಂಡನ್ನು ಉರುಳಿಸಿ ಕೊಟ್ಟ. ಮಾರ್ನಿ ಎತ್ತಿಕೊಂಡು ಅವನ ಕಡೆ ನಾಲ್ಕು ಹೆಜ್ಜೆ ನಡೆದು ಬಂದು, ಮತ್ತೆ ಎಸೆದಳು.