ಗಾಲಿಯ ಕೆಳಗಿನ ನಿಂಬೆಹಣ್ಣು

"ಏ... ತಗೀರಿ ಅದನ್ನ! ಮಕ್ಳು ಬೀಳ್ತಾವ!"

ಕೂಡ್ಲಿಗಿಯ ಮೈದಾನದ ಆ ಮೂಲೆಯಿಂದ ಗಂಡುಧ್ವನಿ ಕೂಗಿದಾಗ ಗೀತಾಂಜಲಿ ಬೆಚ್ಚಿಬಿದ್ದಳು. ಅಷ್ಟರಲ್ಲಿ ತಡವಾಗಿತ್ತು. ನಾಲ್ಕು ವರ್ಷದ ಮಗ ಹಾಲಸ್ವಾಮಿ ಹೊಸ ಸ್ಕೇಟಿಂಗ್ ಶೂ ಹಾಕಿಕೊಂಡು, ಗಾಲಿಯ ಮುಂದಿಟ್ಟ ನಿಂಬೆಹಣ್ಣಿನ ಮೇಲೆ ಹತ್ತಿಯೇಬಿಟ್ಟಿದ್ದ. ಹಣ್ಣು ಪಚಕ್ಕೆಂದಿತು. ಹುಡುಗ ಧೊಪ್ಪನೆ ಕೂತ. ತಮ್ಮನನ್ನು ಹಿಡಿಯಹೋದ ಅಮೃತಾ ಅವನ ಮೇಲೆಯೇ ಬಿದ್ದಳು.

ಇಬ್ಬರೂ ಒಟ್ಟಿಗೇ ರಾಗ ಎಳೆದರು.

ಯಾರನ್ನು ಮೊದಲು ಎತ್ತಬೇಕು? ಗೀತಾಂಜಲಿಗೆ ತಿಳಿಯಲಿಲ್ಲ. ಸುತ್ತಲಿನ ಮಕ್ಕಳಿಗೆಲ್ಲ ಲೇಸು ಕಟ್ಟಲು ಅಪ್ಪ, ವಿಡಿಯೋ ಮಾಡಲು ಅಮ್ಮ ಇದ್ದರು. ಇವಳು ಮಕ್ಕಳನ್ನು ಒಬ್ಬಳೇ ಕರೆತಂದದ್ದು ಇದೇ ಮೊದಲು. ಇರುವ ಎರಡು ಕೈಯಲ್ಲಿ ಒಂದರಲ್ಲಿ ನೀರಿನ ಬಾಟಲಿ ಬೇರೆ.

ಓಡಿಬಂದವನು ಸ್ಕೇಟಿಂಗ್ ಕಲಿಸುವ ಗುರುಶಾಂತ. ಪ್ರತಿ ಭಾನುವಾರ ಹಗರಿಬೊಮ್ಮನಹಳ್ಳಿಯಿಂದ ಬಸ್ಸಿಗೆ ಬರುವವನು. ಮಕ್ಕಳನ್ನು ಎತ್ತಿ ನಿಲ್ಲಿಸಿ, ಒಡೆದ ಹಣ್ಣನ್ನು ಆಚೆ ಒದ್ದ.

ಪೂಜೆಯ ಹಣ್ಣನ್ನು... ಕಾಲಿನಿಂದ!

"ಗಾಲಿಗೆಲ್ಲ ಕುಂಕುಮ ಮೆತ್ತೀರಲ್ರಿ! ಇದೇನ್ ಲಾರಿ ಅಂತ ತಿಳ್ಕೊಂಡೀರೇನು? ನಿಮಗ ಗೊತ್ತಾಗಂಗಿಲ್ಲಂದ್ರ ಮುಂದಿನ ವಾರ ಇವರಪ್ಪನ್ನ ಕಳಸ್ರಿ!"

ಯಾರೋ ಕಿಸಕ್ಕನೆ ನಕ್ಕರು. ಮೂಗು ಒರೆಸಿಕೊಳ್ಳುತ್ತಾ ಏಳು ವರ್ಷದ ಅಮೃತಾಳೇ ಉತ್ತರ ಕೊಟ್ಟಳು.

"ಅಪ್ಪ ಇಲ್ರಿ ಸರ್. ಅಪ್ಪನ ಹೊಸ ಗಾಡಿಗೆ ನಿಂಬಿಹಣ್ಣು ಇಟ್ಟಿರಲಿಲ್ಲ... ಅದಕ್ಕ ಸತ್ತುಹೋದ."

ಗೀತಾಂಜಲಿ ಇಬ್ಬರ ಶೂ ಬಿಚ್ಚಿ, ಗುರುಶಾಂತನತ್ತ ನೋಡದೆ ಮಕ್ಕಳನ್ನು ಕರೆದುಕೊಂಡು ನಡೆದುಬಿಟ್ಟಳು.

ಮನೆಯ ಹಿತ್ತಲಲ್ಲಿ ಕೂತು ಗಾಲಿ ತೊಳೆಯುವಾಗ ಕಣ್ಣೀರು ಬಂತು. ಎರಡು ವರ್ಷದ ಹಿಂದೆ ಗಂಡ ಗಂಗಾಧರ್ ಹೊಸ ಬೈಕು ತಂದ ದಿನ ಅವಳು ರೊಟ್ಟಿ ಬಡಿಯುತ್ತಿದ್ದಳು. "ಪೂಜಿ ಸಂಜಿಗೆ ಮಾಡಿದ್ರಾತು, ಹೋಗಿ ಬರ್ರಿ" ಎಂದಿದ್ದಳು. ಅವನು ಬರಲೇ ಇಲ್ಲ! ಮಗಳಿಗೆ ಸ್ಕೇಟಿಂಗ್ ಶೂ ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದವನೂ ಅವನೇ.

ಅಂದಿನಿಂದ ಅವಳು ಕುಂಕುಮ ಮುಟ್ಟಿಲ್ಲ. ಗಾಲಿಗೆ ಹಚ್ಚಿದ್ದೂ ಅಮೃತಾಳೇ, ಇವಳು ತಟ್ಟೆ ಹಿಡಿದಿದ್ದಳಷ್ಟೆ.

'ಎಲ್ಲರಿಗೂ ಮಕ್ಕಳನ್ನು ಆಡಿಸಿಕೊಂಡು ಬರುವುದು ಖುಷಿ. ನನಗೆ ಮಾತ್ರ ಯಾಕೆ ಇಷ್ಟು ಭಯ?'

ಮರುವಾರ ಅವಳು ಹೊರಡಲು ಒಪ್ಪಲಿಲ್ಲ. ಅತ್ತೆ ಶಿವಬಸಮ್ಮನೇ ಗದರಿದರು. "ಯಾರೋ ಏನೋ ಅಂದ್ರಂತ ಮಕ್ಳ ಆಸಿ ಮುರೀತೀಯೇನು? ಹೋಗಿ ಬಾ ಯವ್ವಾ."

ಮೈದಾನದ ಗೇಟಿನಲ್ಲೇ ಗುರುಶಾಂತ ಕಾಯುತ್ತಿದ್ದ.

"ತಪ್ಪಾತ್ರಿ. ಕಾಲಿಂದ ಒದೀಬಾರದಿತ್ತು." ಜೇಬಿನಿಂದ ಎರಡು ನಿಂಬೆಹಣ್ಣು ತೆಗೆದ. "ಗಾಲಿ ಕೆಳಗ ಇಟ್ರ ಜಾರ್ತೈತ್ರಿ. ಮಕ್ಳ ಜೇಬಿನ್ಯಾಗ ಇಡೋಣು. ದೇವ್ರಿಗೆ ಜೇಬೂ ಕಾಣ್ತೈತಿ."

ಗೀತಾಂಜಲಿ ಹಣ್ಣುಗಳನ್ನು ಮಕ್ಕಳ ಜೇಬಿಗಿಟ್ಟಳು. ಸಿಟ್ಟು ಅಲ್ಲೇ ಕರಗಿತ್ತು.

ಅಂದು ಲೇಸು ಕಟ್ಟಿ, ಹೆಲ್ಮೆಟ್ ಹಾಕಿ, ಮೊಣಕಾಲಿಗೆ ಪ್ಯಾಡ್ ಬಿಗಿದು ಮುಗಿಸುವಷ್ಟರಲ್ಲಿ ಹಾಲಸ್ವಾಮಿ ಘೋಷಿಸಿದ, "ಅಮ್ಮಾ, ಉಚ್ಚಿ!"

"ಇದಕ್ಕೂ ಪೂಜಿ ಮಾಡಬೇಕಿತ್ತ್ ನೋಡ್ರಿ" ಎನ್ನುತ್ತಾ ಗುರುಶಾಂತ ಎಲ್ಲ ಬಿಚ್ಚಲು ಕೂತ. ಗೀತಾಂಜಲಿ ಪಕ್ಕನೆ ನಕ್ಕುಬಿಟ್ಟಳು. ತನಗೆ ಇನ್ನೂ ನಗಲು ಬರುತ್ತದೆಂದು ಅವಳಿಗೇ ಆಶ್ಚರ್ಯ.

ವಾರಗಳು ಉರುಳಿದವು. ಮಕ್ಕಳು ಬೀಳುವುದು ಕಡಿಮೆಯಾಯಿತು. ಆದರೆ ಸೋಮವಾರದಿಂದ ಶನಿವಾರದವರೆಗೆ ಮೆಡಿಕಲ್ ಶಾಪಿನ ಕೆಲಸ, ಮನೆ, ಮತ್ತೆ ಮಾತಿಲ್ಲದ ಸಂಜೆ... ಅವಳು ಭಾನುವಾರಕ್ಕಾಗಿ ಕಾಯತೊಡಗಿದ್ದಳು. ಅದು ಅರಿವಾದಾಗ ಅವಳಿಗೇ ಭಯವಾಯಿತು!

ಒಮ್ಮೆ ಪಕ್ಕದಲ್ಲಿದ್ದ ಹೆಂಗಸು ಕೇಳಿಯೇಬಿಟ್ಟಳು. "ಸರ್ ನಿಮಗೇನಾಗ್ಬೇಕ್ರಿ? ಮನಿ ಮಂದಿಯಂಗ ನೋಡ್ಕೊಂತಾರ!"

"ಏನೂ ಇಲ್ರಿ..."

ಮುಂದಿನ ಭಾನುವಾರ ಅವಳು ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಂಡಳು. ಅದರ ಮುಂದಿನ ಭಾನುವಾರವೂ. ಅವನ ಫೋನು ಬಂದರೆ ಎತ್ತಲಿಲ್ಲ. 'ಅವನಿಗೆ ನನ್ನ ಮೇಲೆ ಇರುವುದು ಕನಿಕರ ಅಷ್ಟೆ. ಅದನ್ನೇ ನಂಬಿ ಕೂತರೆ ನಾಳೆ ನನ್ನ ಗತಿ?' ಬಾಗಿಲ ಹಿಂದೆ ಸ್ಕೇಟಿಂಗ್ ಶೂಗಳು ಸುಮ್ಮನೆ ಬಿದ್ದಿದ್ದವು. ಅವಳೂ ಹಾಗೇ ಇದ್ದಳು.

ಮೂರನೆಯ ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ಗದ್ದಲ. ಬೆವರಿನಲ್ಲಿ ತೊಯ್ದ ಅಂಗಿಯ ಗುರುಶಾಂತ ಹೊಸ ಬೈಕೊಂದನ್ನು ತಳ್ಳಿಕೊಂಡು ಬರುತ್ತಿದ್ದ!

"ಪೆಟ್ರೋಲ್ ಖಾಲಿ ಆತೇನ್ರಿ ಸರ್?" ಕಟ್ಟೆಯ ಮೇಲಿನ ಸೋಮಪ್ಪ ಕೇಳಿದರು.

"ಇಲ್ರಿ ಯಜಮಾನ್ರ, ಪೂಜಿ ಆಗಿಲ್ಲ."

ಅವನು ಬಾಗಿಲಲ್ಲಿ ನಿಂತ ಗೀತಾಂಜಲಿಯತ್ತ ತಿರುಗಿದ.

"ಹೈವೇ ಬಾಜೂಕಿನ ಶೋರೂಮಿಂದ ತಳ್ಕೊಂತ ಬಂದೀನ್ರಿ. ಒಮ್ಮೀನೂ ಹತ್ತಿಲ್ಲ. ನೀವು ಕುಂಕುಮ ಹಚ್ಚಿ ನಿಂಬಿಹಣ್ಣು ಇಡೋತನಕ ಹತ್ತಂಗೂ ಇಲ್ಲ."

"ನಾನು... ಹಚ್ಚಬಾರದ್ರಿ. ನಿಮಗ ಗೊತ್ತಿಲ್ಲೇನು?"

"ಗೊತ್ತಿದ್ದೇ ಬಂದೀನಿ. ಪಾಪ ಅಂತ ಬಂದಿಲ್ರಿ. ಮನಿಯಾಗ ನಾನೊಬ್ಬನ ಅದೀನಿ. ವಾರಪೂರ್ತಿ ಐತವಾರದ ದಾರಿ ಕಾಯ್ತೀನಿ. ನೀವು ಬರೋದು ಬಿಟ್ಟ ಮ್ಯಾಲೆ ಐತವಾರ ಬಂದ್ರೂ ಮೈದಾನ ಖಾಲಿ ಖಾಲಿ ಅನ್ನಿಸ್ತೈತಿ." ಅವನ ಧ್ವನಿ ತಗ್ಗಿತು. "ನನಗ ನೀವು ಬೇಕ್ರಿ. ಮಕ್ಳೂ ಬೇಕು. ಒಲ್ಲೆ ಅಂದ್ರ ಇದನ್ನ ಹಿಂಗ ತಳ್ಕೊಂತ ಊರಿಗೆ ಹೊಕ್ಕೀನಿ."

"ಹಗರಿಬೊಮ್ಮನಹಳ್ಳಿತನಕ?!"

"ಹೂಂ."

ಗೀತಾಂಜಲಿ ಅಳುತ್ತಿದ್ದಳು. ಹಿಂದಿನಿಂದ ಬಳೆಯಿಲ್ಲದ ಮುದಿ ಕೈಯೊಂದು ಮುಂದೆ ಬಂತು. ಆ ಕೈಯಲ್ಲಿ ಕುಂಕುಮ, ನಿಂಬೆಹಣ್ಣು ಇಟ್ಟ ತಟ್ಟೆ ಇತ್ತು.

"ಅತ್ತೀ...!"

"ಅವತ್ತು ನಾನೂ ಮನಿಯಾಗ ಇದ್ನೆವ್ವ. ನನಗೂ ಪೂಜಿ ನೆಪ್ಪಾಗ್ಲಿಲ್ಲ. ನನ್ನ ಮಗ ಹೋಗಿದ್ದು ನಿನ್ನಿಂದ ಅಲ್ಲ." ಶಿವಬಸಮ್ಮ ತಟ್ಟೆಯನ್ನು ಸೊಸೆಯ ಕೈಗಿಟ್ಟರು. "ಇಷ್ಟ್ ದಿನ ಈ ಮಾತು ಹೇಳದ ನಾನ ತಪ್ಪು ಮಾಡಿದೆ. ಹಚ್ಚು ಮಗಳ."

ಗೀತಾಂಜಲಿ ಕಣ್ಣೊರೆಸಿಕೊಂಡು ಹೆಡ್‌ಲೈಟಿಗೆ ಕುಂಕುಮ ಹಚ್ಚಿದಳು. ಎರಡು ಗಾಲಿಗೂ ಒಂದೊಂದು ನಿಂಬೆಹಣ್ಣು ಇಟ್ಟಳು. ಅವನು ಕೊನೆಗೂ ಹತ್ತಿ ಬೈಕು ಚಾಲೂ ಮಾಡಿ ಮುಂದೆ ಬಿಟ್ಟ.

ಪಚಕ್!

"ಈ ಸಾರಿ ಯಾರೂ ಬೀಳ್ಲಿಲ್ಲ!" ಹಾಲಸ್ವಾಮಿ ಚಪ್ಪಾಳೆ ತಟ್ಟಿದ.

"ಊರಿಗೆ ಹೋಗಿ, ಅಕ್ಕನ್ನ ಕರ್ಕೊಂಡು ಸಂಜಿಗೆ ಬರ್ತೀನಿ. ನಮ್ಮ ಕಡೆ ಮಾತಾಡಾಕ ಹಿರೇರು ಅಂದ್ರ ಅಕ್ಕನ," ಎಂದ ಗುರುಶಾಂತ.

ಸಂಜೆಗೆ! ಗಂಗಾಧರ್ ಹೋದ ದಿನವೂ ಅದೇ ಮಾತು ಆಗಿತ್ತು. ಬೈಕು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದಳು. ಮಧ್ಯಾಹ್ನವೆಲ್ಲ ಅನ್ನ ಸೇರಲಿಲ್ಲ. ಬೀದಿಯಲ್ಲಿ ಯಾವ ಗಾಡಿ ಸದ್ದಾದರೂ ಬಾಗಿಲಿಗೆ ಓಡಿದಳು. ಬಿಸಿಲು ಇಳಿಯಿತು. ಕೊನೆಗೆ ಹೊಸ್ತಿಲಲ್ಲೇ ಕೂತುಬಿಟ್ಟಳು.

ದೀಪ ಹಚ್ಚುವ ಹೊತ್ತಿಗೆ ಕುಂಕುಮ ಹಚ್ಚಿದ ಹೆಡ್‌ಲೈಟೊಂದು ನಿಧಾನವಾಗಿ ಬೀದಿಗೆ ತಿರುಗಿತು. ಗುರುಶಾಂತನ ಹಿಂದೆ ಅವನ ಅಕ್ಕ ಕೂತಿದ್ದಳು.

"ಬಂದ್ರ್ಯಾ...?"

"ಬಂದೆ, ಗೀತಾ."