ಕಾಚಿಗುಡದ ತಿರುವಿನಲ್ಲಿ ಮೊದಲು ಬಂದವನು

ಆ ಮುದುಕನ ಮೇಲಿನ ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ. ಎಂಬತ್ತೆಂಟರ ಮೇ ತಿಂಗಳು. ಕಾಚಿಗುಡ ಸ್ಟೇಷನ್ನಿನಾಚೆಯ ತಿರುವಿನಲ್ಲಿ ಸಂಜೆ ನಾಲ್ಕರ ಬಿಸಿಲು ನೇರವಾಗಿ ಎಂಜಿನ್ನಿನ ಮುಖಕ್ಕೇ ಬೀಳುತ್ತದೆಂದು ಹುಡುಕಿ ಇಟ್ಟವನು ನಾನು. ಮೂರು ಭಾನುವಾರವೂ, ನಾನು ಫೋಟೋ ತೆಗೆಯಬೇಕೆನ್ನುವಷ್ಟರಲ್ಲಿ, ಕೊರಳಿಗೆ ಡಬ್ಬಿ ಕ್ಯಾಮೆರಾ ಹಾಕಿಕೊಂಡ ಅವನು ಬಂದು ಹಳಿಯ ಮೇಲೇ ನಿಂತ.

ಮೂರನೆಯ ಸಲ ಚೀರಿದೆ: "ಕಣ್ಣು ಕಾಣಂಗಿಲ್ಲೇನ್ರಿ? ಬಾಜೂಕ ಸರೀರಿ!"

"ಈ ಜಾಗಾಕ್ಕ ನಾ ಮೊದ್ಲ ಬಂದೀನ್ರಿ," ಎಂದ, ತಿರುಗಿಯೂ ನೋಡದೆ. ಹಿಂದಿನೆರಡು ಸಲದಂತೆ ಅವನನ್ನೂ ಸೇರಿಸಿಯೇ ಕ್ಲಿಕ್ಕಿಸಿದೆ.

ರೈಲು ಹಾದುಹೋದ ಮೇಲೆ ಅಲ್ಲಿ ಯಾರೂ ಇರಲಿಲ್ಲ. ಅವನು ನಿಂತಿದ್ದ ಕಡೆ ಜಲ್ಲಿಕಲ್ಲು ಆ ಬಿಸಿಲಿನಲ್ಲೂ ತಣ್ಣಗೆ ಕೊರೆಯುತ್ತಿತ್ತು.

ನಾರಾಯಣಗೂಡದ ಸ್ಟುಡಿಯೋದಲ್ಲಿ ರೀಲು ತೊಳೆಸಿದೆ. ಒಂದು ಫೋಟೋದಲ್ಲೂ ಮುದುಕನಿಲ್ಲ. ಮೂರು ರೈಲಿಗೆ ಮೂವರು ಬೇರೆ ಬೇರೆ ಡ್ರೈವರ್‌ಗಳು. ಮೂವರೂ ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡಿದ್ದಾರೆ.